ಹೊತ್ತು ಮುಳುಗುವುದರೊಳಗೆ ಸ್ವಿಟ್ಜರ್ಲೆಂಡ್

ಚಿಕ್ಕೋಡಿಯಲ್ಲಿ ನನ್ನದೊಂದು ಪ್ರವಾಸದ ಆಫೀಸು. ವಿದೇಶಕ್ಕೆ ಹೊರಟವರಿಗೆ ನಾನು ಕೊಡುವ ಸಲಹೆಗಳಲ್ಲಿ ಒಂದೂ ನನ್ನದಲ್ಲ, ಎಲ್ಲವೂ ನಮ್ಮ ಜನ ನನ್ನನ್ನು ಪೇಚಿಗೆ ಸಿಕ್ಕಿಸಿ ಕಲಿಸಿದವು. ಇನ್ನು ಎಲ್ಲ ಕಲಿತೆ ಅನ್ನುವಷ್ಟರಲ್ಲಿ ಹೊಸದೊಂದು ಬಂದೇ ಬರುತ್ತದೆ.

ಒಂದು ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡಿಗೆ ಹೊರಟಾಗ ಜುಗೂಳದ ಆಯಿ ಜೊತೆಗಿದ್ದರು. ಎಪ್ಪತ್ತು ದಾಟಿದ ಜೈನ ಅಜ್ಜಿ. ಹೊತ್ತು ಮುಳುಗಿದ ಮೇಲೆ ಹನಿ ನೀರೂ ಮುಟ್ಟುವವರಲ್ಲ, ಊಟ ತಡವಾದರೆ ಹಸಿದೇ ಮಲಗುವವರು. ಉಳ್ಳಾಗಡ್ಡಿ, ಬಟಾಟೆಯಂಥ ಗಡ್ಡೆಗಳು ಮೊದಲೇ ಇಲ್ಲ. "ನಮ್ಮವ್ವನ ನೇಮಾ ಮುರೀಬಾರದ್ರಿ, ಉಪಾಸನೂ ಇರಬಾರದ್ರಿ" ಎಂದು ಮಗಳು ಹೇಳಿದಾಗ ಹೂಂ ಅಂದುಬಿಟ್ಟೆ.

೧. ಚೀಲ ಮನೆಯಲ್ಲೇ ತೂಗಿ

ವಿಮಾನ ನಿಲ್ದಾಣದಲ್ಲಿ ಆಯಿಯ ಚೀಲ ಎರಡು ಕಿಲೋ ಹೆಚ್ಚಾಯಿತು. ಒಳಗೆಲ್ಲ ಕಟಕ ರೊಟ್ಟಿ, ಶೇಂಗಾ ಚಟ್ನಿ. ನಮ್ಮ ಗುಂಪಿನಲ್ಲಿದ್ದ ನಿಪ್ಪಾಣಿಯ ತಂಬಾಕು ವ್ಯಾಪಾರಿ ತೂಕ ನೋಡುತ್ತಿದ್ದ ಹುಡುಗಿಯ ಮುಂದೆ ನುಗ್ಗಿದರು.

"ತಂಗೀ, ಬಾರದಾನ ಕಳದೀ ಏನ? ಮಾಲಿನ ತೂಕಾ ಬ್ಯಾರೆ, ಖಾಲಿ ಚೀಲದ ತೂಕಾ ಬ್ಯಾರೆ!"

ಆಕೆಗೆ ಕನ್ನಡ ತಿಳಿಯದೆಂದು ಇದನ್ನೇ ಮರಾಠಿಯಲ್ಲೂ ಹೇಳಿದರು. ಆ ಹುಡುಗಿ ಮರಾಠಿಯಲ್ಲೇ, ಹಾಗಾದರೆ ಖಾಲಿ ಚೀಲ ಇಲ್ಲೇ ಬಿಡಿ, ಬರೀ ಮಾಲು ಕಳಿಸುತ್ತೇವೆ ಎಂದಳು.

ಕೊನೆಗೆ ಹೆಚ್ಚಾದ ರೊಟ್ಟಿಗಳನ್ನು ಎಲ್ಲರೂ ಕೋಟಿನ ಕಿಸೆಗಳಲ್ಲಿ ಹಂಚಿಕೊಂಡೆವು. ವಿಮಾನ ಹತ್ತುವಾಗ ಇಡೀ ಗುಂಪು ಕರಕರ ಸದ್ದು ಮಾಡುತ್ತಿತ್ತು.

೨. ಪಟ್ಟಣದ ಹೋಟೆಲಿನವರಿಗೆ ಮೊದಲೇ ತಿಳಿಸಿ

ಆಯಿ ಸೋಸದ ನೀರು ಕುಡಿಯುವುದಿಲ್ಲ. ಹೋಟೆಲಿನ ನಳಕ್ಕೆ ಬಿಳಿ ಬಟ್ಟೆ ಬಿಗಿದು ಕಟ್ಟಿದರು. ಕೋಣೆ ಗುಡಿಸುವ ಹೆಂಗಸು ನೋಡಿ, ನಳ ಸೋರುತ್ತಿದೆ ಎಂದುಕೊಂಡು ದುರಸ್ತಿಯವನನ್ನು ಕರೆಸಿದಳು. ಆತ ನಳವನ್ನೇ ಬದಲಿಸಿಹೋದ. ಆಯಿ ಹೊಸ ನಳಕ್ಕೂ ಬಟ್ಟೆ ಕಟ್ಟಿದರು. ಮರುದಿನ ಆತ ಮತ್ತೆ ಹಾಜರ್. ತಾನು ಹಾಕಿದ ನಳವನ್ನು ತಾನೇ ದಿಟ್ಟಿಸುತ್ತ ನಿಂತ.

ಆಯಿ ನನ್ನನ್ನು ಕರೆದು ಪಿಸುಗುಟ್ಟಿದರು: "ಪಾಪ, ಕೆಲಸಾ ಬರೂದಿಲ್ಲ ಕಾಣತೈತಿ, ದಿನಾ ಬಂದ ನೋಡಿ ಹೋಗತಾನ."

೩. ಹಳ್ಳಿಗೆ ಹೋದರೆ ಗಡಿಯಾರ ನೋಡಬೇಡಿ

ಐದನೆಯ ದಿನ ಬೆಟ್ಟದ ಹಳ್ಳಿ ಮುಟ್ಟುವಷ್ಟರಲ್ಲಿ ರೊಟ್ಟಿ ಖಾಲಿ. ಅಲ್ಲಿ ಕೇಳಿದ್ದಕ್ಕೆಲ್ಲ ಬಟಾಟೆ. ಮಧ್ಯಾಹ್ನ ಆಯಿ ಒಂದು ಸೇಬು ತಿಂದಿದ್ದಷ್ಟೇ. ಅವರ ಮಗಳ ಮುಖ ನೆನೆದು ನನಗೆ ಅಳುವೇ ಬಂತು.

ನಮ್ಮ ಜೊತೆಗಿದ್ದ ಭೋಜ ಊರಿನ ರೈತರೊಬ್ಬರು ಹಾಲು ತರುತ್ತೇನೆಂದು ಹೆಗಲಿಗೆ ಟವೆಲ್ ಹಾಕಿಕೊಂಡು ಪಕ್ಕದ ಮನೆಗೆ ಹೋದರು. ಭಾಷೆ ಬಾರದೆ ಎರಡೂ ಕೈಯಿಂದ ಕೆಚ್ಚಲು ಹಿಂಡುವ ಹಾಗೆ ಮಾಡಿ ತೋರಿಸಿದರು. ಆ ಮನೆಯಾಕೆ, ಇವರಿಗೆ ಹಾಲು ಕರೆಯುವ ಆಸೆಯೆಂದು ಖುಷಿಯಿಂದ ಬಕೆಟ್ ಕೊಟ್ಟು ಆಕಳ ಪಕ್ಕಕ್ಕೇ ಕೂರಿಸಿದಳು. "ಹೋ ನಮ್ಮವ್ವಾ, ಕಾಲ ಸರಸ" ಅಂದರು ರೈತರು ಆಕಳಿಗೆ. ಆಕಳು ಸರಿಸಿತು. ಆ ದೇಶದಲ್ಲಿ ನಮ್ಮ ಮಾತು ತಿಳಿದದ್ದು ಅದೊಂದಕ್ಕೇ.

ಮನೆಯಾಕೆ ಹಾಲು ಸೋಸಿ ಕಾಯಿಸಿ ಕೊಟ್ಟಳು. ರೈತರು ಓಡೋಡಿ ತಂದರು. ಗಡಿಯಾರದಲ್ಲಿ ಎಂಟು ಗಂಟೆ! ದಿನಾ ಆರಕ್ಕೇ ರೊಟ್ಟಿ ಮುಗಿಸಿ, ಪರದೆ ಎಳೆದು ಮಲಗುತ್ತಿದ್ದ ಆಯಿ ಅಂದು ಹಸಿದೇ ಮಲಗಿಬಿಟ್ಟಿದ್ದರು.

"ಆಯೀ, ತಪ್ಪಾತ್ರಿ. ಎಂಟ ಬಡೀತು" ಎಂದು ತಲೆ ತಗ್ಗಿಸಿದೆ.

ಆಯಿ ಎದ್ದು ಪರದೆ ಸರಿಸಿದರು. ಬೆಟ್ಟದ ಮೇಲೆ ಸೂರ್ಯ ಆರಾಮಾಗಿ ಕೂತಿದ್ದ. ಗಡಿಯಾರ ನೋಡುವ ಗಾಬರಿಯಲ್ಲಿ ನಾನು ಆಕಾಶ ನೋಡಿರಲೇ ಇಲ್ಲ. ಎರಡು ಲೋಟ ಹಾಲು ಕುಡಿದು, ಬಾಯಿ ಒರೆಸಿಕೊಂಡು, ಸಿಟ್ಟಿನಿಂದಲೇ ಕೇಳಿದರು:

"ಇಂಥಾ ದೇಶಾ ಐತಿ ಅಂತ ಮೊದಲ ಯಾರಾರ ಹೇಳಿದ್ರ, ಐವತ್ತ ವರ್ಷ ನಾ ಯಾಕ ಹಸಕೊಂಡ ಮಲಗತಿದ್ದೆ?"