ತಲೆಮರೆಸಿಕೊಂಡ ನೊರೆ

ಲೀಡ್ಸ್ ನಗರದ ಹಳೆಯ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿರುವ ‘ಕುರಿಮರಿ ಮತ್ತು ಲಾಂದ್ರ’ ಎಂಬ ಪಬ್ಬಿನಲ್ಲಿ ಮಾರ್ಚ್ ತಿಂಗಳ ಎರಡನೇ ಮಂಗಳವಾರ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ ಒಂದು ತಮಾಷೆ ನಡೆಯಿತು. ಅದು ತಮಾಷೆಯೇ ಎಂಬುದನ್ನು ರುಜುವಾತುಪಡಿಸುವ ಯಾವ ದಾಖಲೆಯೂ ಈವರೆಗೆ ಲಭ್ಯವಾಗಿಲ್ಲ.

ತಮಾಷೆ ಮಾಡಿದವನು ಅಲ್ವಿನ್ ಬ್ರಾಡ್‌ಬೆಂಟ್, ವಯಸ್ಸು ಎಪ್ಪತ್ತೊಂದು, ನಿವೃತ್ತ ಬಸ್ ಚಾಲಕ. ಹೆಂಡತಿ ತೀರಿಕೊಂಡ ಮೇಲೆ ಅವನು ಬಾಯ್ತುಂಬ ಮಾತಾಡುತ್ತಿದ್ದದ್ದು ಇದೊಂದೇ ಜಾಗದಲ್ಲಿ. ಪಬ್ಬಿನ ಒಡತಿ ಗ್ಲೆಂಡಾ ಎಂದಿನಂತೆ ಕೈಪಂಪು ಜಗ್ಗಿ, ನೆಲಮಾಳಿಗೆಯ ಪೀಪಾಯಿಯಿಂದ ಜೇನುಬಣ್ಣದ ಬಿಯರ್ ಏರಿಸಿ, ಮೇಲೆ ಎರಡು ಬೆರಳು ನೊರೆ ನಿಲ್ಲಿಸಿ ಲೋಟವನ್ನು ಅವನ ಮುಂದಿಟ್ಟಳು. ಹನ್ನೊಂದು ವರ್ಷಗಳಿಂದ ಹೇಳಿಕೊಂಡು ಬಂದದ್ದನ್ನೇ ಅಲ್ವಿನ್ ಅಂದೂ ಹೇಳಿದ.

“ನೊರೆಯೇನೋ ಸಿಕ್ತು ತಾಯಿ. ಬಿಯರ್ ಯಾವಾಗ ಕೊಡ್ತೀಯ?”

“ಮೊದ್ಲು ಅದನ್ನ ಹಚ್ಕೊಂಡು ಗಡ್ಡ ಕೆರ್ಕೋ ಮಹರಾಯ. ಮನುಷ್ಯನ ಥರ ಕಂಡ್ರೆ ಬಿಯರ್ ವಿಷಯ ನೋಡೋಣ.”

ಪಕ್ಕದ ಮೇಜಿನಲ್ಲಿ ಹಂದಿಮಾಂಸದ ಪೈ ತಿನ್ನುತ್ತಿದ್ದವರು ಪೆರೆಗ್ರಿನ್ ಸ್ನೆಲ್ ಸಾಹೇಬರು. ನೊರೆ ಮತ್ತು ಶೇಷದ್ರವ ಮಾಪನ ಇಲಾಖೆಯ ಉಪನಿರೀಕ್ಷಕರು. ಅವರು ರಜೆಯಲ್ಲಿದ್ದರು. ಆದರೆ ಅವರ ಕಿವಿಗಳಿಗೆ ರಜೆ ಮಂಜೂರಾಗಿರಲಿಲ್ಲ.

“ದೂರು ದಾಖಲಾಗಿದೆ,” ಎಂದರು ಸಾಹೇಬರು, ಬಾಯಿ ಒರೆಸಿಕೊಳ್ಳುತ್ತ.

“ಅಯ್ಯೋ, ಅದು ತಮಾಷೆ ಸಾರ್. ನಾವು ದಿನಾ ಆಡೋ ಮಾತು,” ಎಂದ ಅಲ್ವಿನ್.

“ದಿನಾನಾ?” ಸಾಹೇಬರು ಟಿಪ್ಪಣಿ ಪುಸ್ತಕದ ಹೊಸ ಹಾಳೆ ತಿರುವಿದರು. “ಹಾಗಾದ್ರೆ ಇದು ಮುಂದುವರಿದ ಅಪರಾಧ. ಎಷ್ಟು ವರ್ಷದಿಂದ?”

ಅಲ್ವಿನ್ ಜೀವನದಲ್ಲಿ ಎಂದೂ ಸುಳ್ಳು ಹೇಳಿದವನಲ್ಲ. ಹನ್ನೊಂದು ಎಂದುಬಿಟ್ಟ. ಇಲಾಖೆಯ ಇತಿಹಾಸದಲ್ಲೇ ಇಷ್ಟು ತಾಳ್ಮೆಯ ದೂರುದಾರ ಇನ್ನೊಬ್ಬನಿಲ್ಲ ಎಂದು ಸಾಹೇಬರು ಎದ್ದುನಿಂತು ಅವನ ಕೈ ಕುಲುಕಿದರು. ಆಮೇಲೆ ಅವನ ಬಿಯರನ್ನು ಜಪ್ತಿ ಮಾಡಿ, ಲೋಟಕ್ಕೆ ಮುಚ್ಚಳ ಹಾಕಿ, ಕೆಂಪು ಅರಗಿನ ಮೊಹರು ಒತ್ತಿದರು. ಮಹಜರಿನಲ್ಲಿ ಹೀಗೆ ಬರೆಯಲಾಗಿದೆ: “ಪ್ರಮುಖ ಆರೋಪಿಯಾದ ನೊರೆಯು ಮೊಹರು ಬಿದ್ದ ನಾಲ್ಕು ನಿಮಿಷದೊಳಗೆ, ಮುಚ್ಚಳಕ್ಕೆ ಯಾವುದೇ ಹಾನಿ ಮಾಡದೆ ತಲೆಮರೆಸಿಕೊಂಡಿರುತ್ತದೆ. ಸಹಚರರ ಪತ್ತೆಗಾಗಿ ಶೋಧ ಮುಂದುವರಿದಿದೆ.”

ಶೋಧ ಮುಂದುವರಿದದ್ದು ನಿಜ. ಮರುದಿನದಿಂದ ಇಬ್ಬರು ನಿರೀಕ್ಷಕರು ಪ್ರತಿ ಮಧ್ಯಾಹ್ನ ಬಂದು ತಲಾ ಮೂರು ಪೈಂಟ್, ಅಂದರೆ ಮೂರು ದೊಡ್ಡ ಲೋಟ ಬಿಯರ್, ಮಾದರಿಯಾಗಿ ಪಡೆಯತೊಡಗಿದರು. ಮಾದರಿಗಳನ್ನು ಸ್ಥಳದಲ್ಲೇ, ನಾಲಿಗೆಯ ಮೂಲಕ ಪರೀಕ್ಷಿಸಲಾಯಿತು. ಎರಡು ಪರೀಕ್ಷೆಗಳ ನಡುವೆ ನಾಲಿಗೆಯನ್ನು ತಟಸ್ಥಗೊಳಿಸಲು ಒಂದೊಂದು ಪೈ ಒದಗಿಸಬೇಕೆಂದು ಗ್ಲೆಂಡಾಳಿಗೆ ಲಿಖಿತ ಸೂಚನೆ ಬಂತು. ಸಾಸಿವೆ ಯಾವ ಬಗೆಯದಿರಬೇಕು ಎಂಬುದು ಅನುಬಂಧದಲ್ಲಿತ್ತು.

ಅಲ್ವಿನ್‌ಗೂ ಒಂದು ಪತ್ರ ಬಂತು. ದೂರುದಾರನ ಮೇಲೆ ಯಾರೂ ಪ್ರಭಾವ ಬೀರಬಾರದಾದ್ದರಿಂದ, ಪ್ರಕರಣ ಮುಗಿಯುವ ತನಕ ಅವನು ವಿವಾದಿತ ಸ್ಥಳದ ಇನ್ನೂರು ಹೆಜ್ಜೆಯೊಳಗೆ ಸುಳಿಯಕೂಡದು.

ಮೊದಲ ಮೂರು ದಿನ ಅಲ್ವಿನ್ ಮನೆಯಲ್ಲೇ ಕೂತು ಗೋಡೆ ನೋಡಿದ. ನಾಲ್ಕನೇ ದಿನ, ತಾನೇ ಓಡಿಸುತ್ತಿದ್ದ ಮಾರ್ಗದ ಬಸ್ಸು ಹತ್ತಿ ಕೊನೆಯ ನಿಲ್ದಾಣಕ್ಕೆ ಹೋಗಿ ಅದೇ ಬಸ್ಸಿನಲ್ಲಿ ಹಿಂದಿರುಗಿದ. ಐದನೇ ದಿನ ಪಬ್ಬಿನ ಗೆಳೆಯ ಡೆಸ್ಮಂಡ್ ಹೆಜ್ಜೆ ಎಣಿಸಿಕೊಟ್ಟ. ಇನ್ನೂರೊಂದನೆಯ ಹೆಜ್ಜೆ ಮೀನಂಗಡಿಯ ಎದುರಿಗೆ ಬಿತ್ತು. ಅಲ್ಲಿ ಅಲ್ವಿನ್ ನಿಂತ. ಗ್ಲೆಂಡಾ ಓಣಿಯ ಬಾಯಿಗೆ ಬಂದು ಅಂಗೈಗಳನ್ನು ಬಾಯಿಯ ಪಕ್ಕ ಹಿಡಿದು ಕೂಗಿದಳು.

“ಊಟ ಮಾಡಿದ್ಯೇನೋ?”

“ಮಾಡಿದೆ! ನೀನು?”

“ಎಲ್ಲಿ ಮಾಡ್ಲಿ! ಇಲ್ಲಿ ಇಬ್ರು ಕೂತು ನಂದೂ ಸೇರಿಸಿ ತಿಂತಿದ್ದಾರೆ!”

ನಾಲ್ಕು ವಾರ ಇವರ ಮಾತುಕತೆ ಇಡೀ ಬೀದಿಗೆ ಕೇಳುವಂತೆ ನಡೆಯಿತು. ಗಂಟಲು ಕಟ್ಟಿದ ಮೇಲೆ ಅಲ್ವಿನ್ ಇಲಾಖೆಯ ಕಚೇರಿಗೇ ಹೋದ. ದೂರು ವಾಪಸು ತೆಗೆದುಕೊಳ್ಳುವ ಕಿಟಕಿಯಲ್ಲಿ ಒಬ್ಬ ಗುಮಾಸ್ತೆ ಕೂತಿದ್ದಳು.

“ದೂರು ಸುಳ್ಳು ಅಂತ ಬರ್ಕೊಡಿ. ಸುಳ್ಳು ದೂರಿಗೆ ನಿಮ್ಗೆ ಆ ಪಬ್ಬಿಗೆ ಆಜೀವ ನಿಷೇಧ.”

“ನಿಜ ಅಂತ ಬರೆದ್ರೆ?”

“ಆ ಹೆಂಗಸಿನ ಪರವಾನಗಿ ರದ್ದು. ಪಬ್ಬಿಗೆ ಬೀಗ.”

ಅಲ್ವಿನ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಹನ್ನೊಂದು ವರ್ಷ ಒಂದೇ ಕುರ್ಚಿಯಲ್ಲಿ ಕೂತವನಿಗೆ ಎರಡರಲ್ಲಿ ಯಾವುದು ತಾನೇ ಬೇಕು? “ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ ಅಂದ್ರೆ ಏನಾಗುತ್ತಮ್ಮಾ?”

ಗುಮಾಸ್ತೆ ಮೊದಲ ಬಾರಿಗೆ ತಲೆಯೆತ್ತಿ ಅವನನ್ನು ಗೌರವದಿಂದ ನೋಡಿದಳು. “ಹಾಗಂದ್ರೆ ನಿಮ್ಮನ್ನ ಇಲಾಖೆಗೇ ಸೇರಿಸ್ಕೋಬೇಕಾಗುತ್ತೆ.”

ಹೀಗೆ ಅಲ್ವಿನ್ ಬ್ರಾಡ್‌ಬೆಂಟ್ ‘ಕುರಿಮರಿ ಮತ್ತು ಲಾಂದ್ರ’ಕ್ಕೆ ಗೌರವ ನೊರೆ ವೀಕ್ಷಕನಾಗಿ ನೇಮಕಗೊಂಡ. ಕೊರಳಿಗೆ ಬಿಲ್ಲೆ, ಕೈಗೆ ಗಡಿಯಾರ, ಒಂದು ಹಸಿರು ಬಾವುಟ. ಷರತ್ತುಗಳು ಎರಡೇ: ಕರ್ತವ್ಯದಲ್ಲಿರುವ ವೀಕ್ಷಕ ಬಿಯರ್ ಕುಡಿಯಕೂಡದು, ನೊರೆಯ ಬಗ್ಗೆ ಲಘುವಾಗಿ ಮಾತಾಡಕೂಡದು. ಪಬ್ಬಿನೊಳಗೆ ಇರುವಷ್ಟು ಹೊತ್ತೂ ಅವನು ಕರ್ತವ್ಯದಲ್ಲಿರುತ್ತಾನೆ.

ಮೊದಲ ದಿನ ಗ್ಲೆಂಡಾ ಅವನ ಮುಂದೆ ಒಂದು ಲೋಟ ನೀರಿಟ್ಟಳು. “ಕ್ಷಮಿಸು ಕಣೋ. ನೀರಿಗೆ ನೊರೆ ಬರ್ಸೋ ವಿದ್ಯೆ ನಂಗೆ ಗೊತ್ತಿಲ್ಲ.” ಅಲ್ವಿನ್ ಬಾಯಿ ತೆರೆದ. ಎರಡನೇ ಷರತ್ತು ನೆನಪಾಯಿತು. ಮುಚ್ಚಿದ. ಆದರೂ ತನ್ನ ಕುರ್ಚಿ ತನ್ನ ಬೆನ್ನಿಗೆ ತಾಗಿದಾಗ ಅವನ ಕಣ್ಣು ತುಂಬಿ ಬಂದದ್ದನ್ನು ಡೆಸ್ಮಂಡ್ ನೋಡಿದ, ನೋಡದವನಂತೆ ಬೇರೆ ಕಡೆ ತಿರುಗಿದ.

ಹೊಸ ಪದ್ಧತಿ ಸರಳವಾಗಿತ್ತು. ಪ್ರತಿ ಪೈಂಟನ್ನೂ ಏಳು ನಿಮಿಷ ಸುಮ್ಮನೆ ಇಡತಕ್ಕದ್ದು. ನೊರೆ ಇಳಿದ ಮೇಲೆ ವೀಕ್ಷಕ ಬಾವುಟ ಬೀಸತಕ್ಕದ್ದು. ಕೊರತೆಯಾದಷ್ಟನ್ನು ಗ್ಲೆಂಡಾ ಮತ್ತೆ ತುಂಬತಕ್ಕದ್ದು. ತುಂಬಿದಾಗ ಮತ್ತೆ ನೊರೆ ಬರುತ್ತಿದ್ದುದರಿಂದ ಮತ್ತೆ ಏಳು ನಿಮಿಷ. ಸಾಮಾನ್ಯವಾಗಿ ಒಂದು ಪೈಂಟ್ ಇಪ್ಪತ್ತೆಂಟು ನಿಮಿಷದಲ್ಲಿ ಕೈಸೇರುತ್ತಿತ್ತು. ಅಷ್ಟರಲ್ಲಿ ಅದರ ಜೀವ ಹೋಗಿ, ಮಳೆಗೆ ನೆನೆದ ಹಳೆಯ ಕೋಟಿನ ರುಚಿ ಬಂದಿರುತ್ತಿತ್ತು. ಜನ ಕಾಯುವ ಹೊತ್ತಿನಲ್ಲಿ ಹೆಣೆಯಲು ಉಣ್ಣೆ, ಕಡ್ಡಿಗಳನ್ನು ಜೊತೆಗೆ ತರತೊಡಗಿದರು.

ಜೂನ್ ತಿಂಗಳಲ್ಲಿ ಸ್ನೆಲ್ ಸಾಹೇಬರು ಖುದ್ದಾಗಿ ಬಂದು ಗೋಡೆಗೆ ಪ್ರಶಸ್ತಿ ಪತ್ರ ತೂಗುಹಾಕಿದರು. ಇಡೀ ಯಾರ್ಕ್‌ಷೈರಿನಲ್ಲಿ ಒಂದೇ ಒಂದು ದೂರೂ ಇಲ್ಲದ ಪಬ್ಬು ಇದು ಎಂದು ಸಾರಿದರು. ಸಾಹೇಬರಿಗೆ ಮಾತ್ರ ಬಿಯರ್ ಕೂಡಲೇ ಬಂತು. ಮಾದರಿಗಳಿಗೆ ಏಳು ನಿಮಿಷದ ನಿಯಮ ಅನ್ವಯಿಸುವುದಿಲ್ಲ. ಎಲ್ಲರೂ ಹೆಣಿಗೆ ಕೆಳಗಿಟ್ಟು ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ಡೆಸ್ಮಂಡ್ ಒಂದು ಗುಟುಕು ಕುಡಿದು ಮುಖ ಕಿವುಚಿದ. “ಏನೇ ಹೇಳು ಅಲ್ವಿನ್, ಮೊದಲಿನ ಹಾಗಿಲ್ಲ.”

ಅಲ್ವಿನ್‌ನ ಕೈ ತನ್ನಿಂತಾನೇ ಜೇಬಿಗೆ ಹೋಯಿತು. ದೂರಿನ ನಮೂನೆ ಹೊರಬಂತು. “ಬರವಣಿಗೇಲಿ ಕೊಡ್ತೀಯಾ?”

ಡೆಸ್ಮಂಡ್ ನಮೂನೆಯನ್ನು ನೋಡಿದ, ಸಾಹೇಬರನ್ನು ನೋಡಿದ, ಗ್ಲೆಂಡಾಳನ್ನು ನೋಡಿದ.

“ನಾನು ಹೇಳಿದ್ದು ಹೊರಗಿನ ಹವೆ ಬಗ್ಗೆ,” ಎಂದ.

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಕಿಟಕಿಗೆ ಮಂಜುಗಾಜು ಹಾಕಿದ್ದರಿಂದ ಹೊರಗಿನದೇನೂ ಕಾಣುತ್ತಿರಲಿಲ್ಲ. ಆದರೂ ಹೌದು, ಹವೆ ಮೊದಲಿನ ಹಾಗಿಲ್ಲ ಎಂದು ಒಬ್ಬರಾದ ಮೇಲೊಬ್ಬರು ಒಪ್ಪಿಕೊಂಡರು. ಅಲ್ವಿನ್ ಅದನ್ನು ಹವಾಮಾನದ ಕಾಲಮ್ಮಿನಲ್ಲಿ ಬರೆದುಕೊಂಡ.