ಹನ್ನೆರಡು ಬಳೆ, ಆರಡಿ ಪಾಲಿಮರ್

ಸೋಮವಾರ. ಮಧುಗಿರಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕ ಬೇಕಂತೆ. ಹುದ್ದೆ ಒಂದು, ಅರ್ಜಿ ನಾಲ್ಕು. ಗುರುವಾರ ಹತ್ತು ನಿಮಿಷ ಪಾಠ ಮಾಡಿ ತೋರಿಸಬೇಕು. ಉಳಿದ ಮೂವರ ಬಗ್ಗೆ ನನಗೆ ಆಗಲೇ ಕನಿಕರ ಹುಟ್ಟಿತು!

ನನ್ನ ವಿಷಯ: ಅಣುಗಳ ಕೂಟದಲ್ಲಿ ಪಾಲಿಮರ್ ಸರಪಳಿ ಆಕಾರ ಬದಲಿಸುವ ಬಗೆ. ಉಂಗುರದಂಥ ಅಣುಗಳ ಒಳಗೆ ಉದ್ದನೆಯ ಸರಪಳಿ ತೂರಿಕೊಳ್ಳುತ್ತದೆ. ಗಂಟಿಲ್ಲ, ಅಂಟಿಲ್ಲ, ಹಗುರ ಸೆಳೆತವಷ್ಟೆ. ಜಾಗ ಇಕ್ಕಟ್ಟಾದರೆ ನೀಳವಾಗುತ್ತದೆ, ಸಡಿಲವಾದರೆ ಸುರುಳಿಯಾಗುತ್ತದೆ.

ಬುಧವಾರ. ಮಾದರಿ ನಿರ್ಮಾಣ. ಉಂಗುರಗಳಿಗೆ ಅವ್ವನ ಹೊಸ ಗಾಜಿನ ಬಳೆ, ಹನ್ನೆರಡು. ಸರಪಳಿಗೆ ಕುರಿದೊಡ್ಡಿಯ ಬೇಲಿಗೆ ತಂದು ಉಳಿದಿದ್ದ ದಪ್ಪ ತಂತಿ, ಆರಡಿ.

ಉಣ್ಣೆ ಹುರಿ ಹೊಸೆಯುತ್ತಿದ್ದ ಅವ್ವ ನೋಡಿದಳು. "ಬಗ್ಗೋದು ಬೇಕು ಅಂತೀಯ, ತಂತಿ ಯಾಕ್ಲಾ? ಈ ಹುರಿ ತಗಂಡೋಗು."

"ಅವ್ವಾ, ಇದು ವಿಜ್ಞಾನ. ಕುರಿ ಕಟ್ಟೋದಲ್ಲ."

"ಆಯ್ತು ಬುಡಪ್ಪ. ಬಳೆ ಮಾತ್ರ ಹೋದಂಗೇ ಬರಬೇಕು. ನಿಮ್ಮತ್ತೆ ಮಗಳ ಮದ್ವೆಗೆ ಇಕ್ಕಣಕೆ ತಂದಿರೋದು ಕಣ್ಲಾ."

ಗುರುವಾರ, ಬೆಳಿಗ್ಗೆ 7.10. ಪಾವಗಡದಲ್ಲಿ ಬಸ್ ಹತ್ತಿದೆ. ತಂತಿ ಹತ್ತಲಿಲ್ಲ.

"ಏಮಪ್ಪಾ, ಬೇಲಿ ಸಮೇತ ಬಂದ್ಬುಟ್ಟಿದೀಯಲ್ಲ! ಮಡಚು!" ಎಂದ ಕಂಡಕ್ಟರ್.

ಬಸ್ಸಿನ ಜನರೆಲ್ಲ ಇಕ್ಕಟ್ಟಿಗೆ ತಕ್ಕಂತೆ ನೀಳವಾದರು, ಮುದುಡಿದರು. ನನ್ನ ಪಾಲಿಮರ್ ಮಾತ್ರ ಜಗ್ಗಲಿಲ್ಲ! ಕೊನೆಗೆ ಇಬ್ಬರು ಪ್ರಯಾಣಿಕರು ಮಂಡಿ ಕೊಟ್ಟು ಬಗ್ಗಿಸಿದರು. ಡೊಂಕು: ಐದು.

11.30. ಮೂವರು ಪರೀಕ್ಷಕರ ಸಮ್ಮುಖದಲ್ಲಿ, "ಸರಪಳಿ ಸರಾಗವಾಗಿ ತೂರಿಕೊಳ್ಳುತ್ತದೆ" ಎಂದು ಗಂಭೀರವಾಗಿ ಘೋಷಿಸಿ, ಸಾಲಾಗಿ ಹಿಡಿದ ಬಳೆಗಳೊಳಗೆ ತಂತಿ ನೂಕಿದೆ. ಡೊಂಕು ಸಿಕ್ಕಿಕೊಂಡಿತು. ಬಲ ಹಾಕಿದೆ. ಟಿಣ್! ಇನ್ನಷ್ಟು ಬಲ. ಟಿಣ್, ಟಿಣ್, ಟಿಣ್! ಒಡೆದವು: ಹನ್ನೊಂದು.

ಪರೀಕ್ಷಕರಲ್ಲೊಬ್ಬ ಮೇಡಂ ನನ್ನ ಚೀಲದತ್ತ ನೋಡಿದರು. ಅದರ ಬಾಯಿಯನ್ನು ಅವ್ವ ಉಣ್ಣೆ ಹುರಿಯಿಂದ ಬಿಗಿದಿದ್ದಳು. ಮೇಡಂ ಹುರಿ ಬಿಚ್ಚಿ, ಉಳಿದೊಂದು ಬಳೆಯಲ್ಲಿ ತೂರಿಸಿ, ಖಾಲಿ ಲೋಟಕ್ಕೆ ಇಳಿಬಿಟ್ಟರು. ಮೇಲೆ ನೀಳ, ಲೋಟದಲ್ಲಿ ಸುರುಳಿ!

"ಇದನ್ನೇ ತೋರಿಸಬಹುದಿತ್ತಲ್ಲ?"

"ಮೇಡಂ, ಅದು ಬರೀ ಹುರಿ."

"ಉಣ್ಣೆಯೂ ಪಾಲಿಮರೇ ಕಣಪ್ಪ."

ನನ್ನ ಎಂ.ಎಸ್ಸಿ. ಪದವಿ ಬೆವರಿತು.

ಶುಕ್ರವಾರ. ಹುದ್ದೆ ಬೇರೊಬ್ಬರಿಗೆ ಹೋಯಿತು. ಉಳಿದೊಂದು ಬಳೆ ತೊಟ್ಟುಕೊಂಡು ಅವ್ವ ಕೈ ಎತ್ತಿ ತೋರಿಸಿದಳು. "ಲೇ, ಮದ್ವೆಲಿ ಮಿಕ್ಕಿದ್ದೆಲ್ಲಿ ಅಂದ್ರೆ ಏನು ಹೇಳ್ಲಿ?"

"ವಿಜ್ಞಾನಕ್ಕೆ ಕೊಟ್ಟೆ ಅನ್ನವ್ವ."

"ನಿನ್ನ ವಿಜ್ಞಾನ ಅಲ್ಲೇ ಇರ್ಲಿ. ಆ ತಂತಿ ತತ್ತಾ ಇಲ್ಲಿ!"

ಐದು ಡೊಂಕಿನ ತಂತಿ ಈಗ ದೊಡ್ಡಿಯ ಬಾಗಿಲಿಗೆ ಕೊಕ್ಕೆಯಾಗಿದೆ. ಒಂದು ಕುರಿಯೂ ಆಚೆ ಹೋಗುತ್ತಿಲ್ಲ.

ವಾರದ ಲೆಕ್ಕ: ತಂತಿಗೆ ಕೆಲಸ ಸಿಕ್ಕಿತು. ನನಗೆ ಇಲ್ಲ.