ಒಂದು ಗುರುವಾರದ ಮೌನ

ಕಾಫಿ ಲೋಟ ಮೇಜಿನ ಮೇಲೆ ಟಕ್ಕೆಂದು ಕೂತ ಸದ್ದಿಗೇ ಮೇಷ್ಟ್ರಿಗೆ ಆ ದಿನ ಹೇಗೆ ಕಳೆಯುತ್ತದೆಂದು ಗೊತ್ತಾಗಿಹೋಯಿತು. ದಿನವೂ ಲೋಟಕ್ಕಿಂತ ಮೊದಲು "ರೀ, ಕಾಫಿ" ಎಂಬ ಕೂಗು ಬರುತ್ತಿತ್ತು. ಇವತ್ತು ಕೂಗಿಲ್ಲ, ಬರೀ ಟಕ್. ತಲೆಯೆತ್ತಿ ನೋಡಿದರೆ ಹೆಂಡತಿ ತುಟಿ ಬಿಗಿದುಕೊಂಡು ನಿಂತಿದ್ದಾಳೆ.

"ಏನೇ ಇದು, ಬೆಳಬೆಳಿಗ್ಗೆ?"

ಆಕೆ ಮೊದಲು ತನ್ನ ಗಂಟಲು ಮುಟ್ಟಿ ತೋರಿಸಿದಳು. ಆಮೇಲೆ ಕಿಟಕಿಯಾಚೆ ಕಾಣುವ ಚರ್ಚಿನ ಗೋಪುರದ ಕಡೆಗೆ ಬೆರಳೆತ್ತಿದಳು. ಕೊನೆಗೆ ಅದೇ ಬೆರಳನ್ನು ಗಂಡನ ಎದೆಗೆ ಗುರಿಯಿಟ್ಟು, ತಲೆಯಾಡಿಸಿ ಒಳಗೆ ಹೋದಳು.

ಮೇಷ್ಟ್ರು ಅದನ್ನು ಹೀಗೆ ಓದಿಕೊಂಡರು: ನನಗೆ ಕುತ್ತಿಗೆಯವರೆಗೆ ಬಂದಿದೆ, ಮೇಲಿರುವವನು ಎಲ್ಲ ನೋಡುತ್ತಿದ್ದಾನೆ, ನಿಮಗೆ ಕಾದಿದೆ. ಜೀವಮಾನವಿಡೀ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿದವರು. ಮೂರು ಸಾಕ್ಷ್ಯ ಕೈಗೆ ಸಿಕ್ಕಿದ ಮೇಲೆ ತೀರ್ಮಾನಕ್ಕೆ ಬರದೆ ಇರುವುದು ಅವರಿಂದಾಗದು. ಹೆಂಡತಿಗೆ ಸಿಟ್ಟು ಬಂದಿದೆ. ಅದು ಗೊತ್ತಾದ ಮರುಗಳಿಗೆ ಅವರಿಗೂ ಸಿಟ್ಟು ಬಂತು. ಯಾಕೆಂದರೆ ಇವತ್ತೇ, ಬೇರೆ ದಿನ ಸಿಗಲಿಲ್ಲವೇನೋ ಎಂಬಂತೆ ಇವತ್ತೇ, ಆಕೆಯ ಬಾಯಿಂದ ಅವರಿಗೆ ಒಂದು ಮಾತು ಬೇಕಾಗಿತ್ತು.

ಸಂಗತಿ ಹೀಗಿತ್ತು. ನಿವೃತ್ತಿಯಾದ ಮೇಲೆ ಗಂಡಹೆಂಡಿರಿಬ್ಬರೂ ಚರ್ಚಿನ ಸೇವೆಗೆಂದು ಈ ಪರದೇಶದ ಚಳಿಯೂರಿಗೆ ಬಂದು ಒಂದು ವರ್ಷವಾಗಿತ್ತು. ಸೋಮವಾರ ತಮ್ಮ ಬಟ್ಟೆ ಒಗೆಯುವುದು, ಮಂಗಳವಾರ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವುದು, ಬುಧವಾರ ಸಂಜೆ ಹೊಸದಾಗಿ ಮದುವೆಯಾದವರಿಗೆ 'ಸಂಸಾರದಲ್ಲಿ ಸಹನೆ' ಎಂಬ ಪಾಠ. ಗುರುವಾರ, ಶುಕ್ರವಾರ ದಾನಕ್ಕೆ ಬಂದ ಹಳೇ ಬಟ್ಟೆಗಳ ಗೋದಾಮು. ಶನಿವಾರ ಸಭಾಂಗಣ ಗುಡಿಸಿ ಕುರ್ಚಿ ಜೋಡಿಸುವುದು, ಭಾನುವಾರ ಆ ಕುರ್ಚಿಗಳ ಮೇಲೆ ಕೂರುವುದು. ಗೋದಾಮಿನಲ್ಲಿ ಮೇಷ್ಟ್ರಿಗೆ ಪ್ಯಾಂಟು ಮಡಿಸುವ ಕೆಲಸ. ಪ್ರಪಂಚದ ಅಪ್ಪಂದಿರೆಲ್ಲ ಬಿಸಾಡಿದ ಪ್ಯಾಂಟುಗಳು ನೇರ ತಮ್ಮ ಮುಂದೆಯೇ ಬಂದು ಬೀಳುತ್ತವೆಂದು ಅವರಿಗೆ ಅನುಮಾನ. ಪ್ಯಾಂಟು ಕಂಡರೆ ಮೈ ಉರಿಯುವ ಹಂತಕ್ಕೆ ಬಂದಿದ್ದರು.

ಅಷ್ಟರಲ್ಲಿ ಬೆಟ್ಟದ ಹಳ್ಳಿಗಳಲ್ಲಿ ಮಿಷನ್ನಿನವರು ಬಾವಿ ತೋಡಿಸುತ್ತಿದ್ದಾರೆ, ನೀರನ್ನು ಪರೀಕ್ಷೆ ಮಾಡುವವರೊಬ್ಬರು ಬೇಕು ಎಂಬ ಸುದ್ದಿ ಬಂತು. ಮೇಷ್ಟ್ರು ಆ ಕ್ಷಣದಿಂದ ಮನುಷ್ಯರಾಗಿರಲಿಲ್ಲ. ಕನಸಿನಲ್ಲೂ ಪರೀಕ್ಷಾ ನಳಿಕೆ. ಇವತ್ತು ಸಂಜೆ ಮಿಷನ್ನಿನ ಮುಖ್ಯಸ್ಥರು ಬರುವವರಿದ್ದರು, ಅವರ ತೀರ್ಮಾನ ಇವತ್ತೇ. ಆದರೆ ಅಲ್ಲಿನ ಪದ್ಧತಿಯೊಂದಿತ್ತು: ದಂಪತಿಯನ್ನು ಬೇರೆ ಕಡೆ ಕಳಿಸಬೇಕಾದರೆ ಇಬ್ಬರೂ ಎಲ್ಲರೆದುರು ಬಾಯಿಬಿಟ್ಟು ಒಪ್ಪಬೇಕು. ಒಬ್ಬರು ತಲೆಯಾಡಿಸಿದರೆ ಸಾಲದು.

ಇನ್ನೊಂದು ನಿಯಮ ಇದಕ್ಕಿಂತ ಕ್ರೂರ. ಸೇವೆಗೆ ಬಂದವರು ಎಲ್ಲಿಗೆ ಹೋದರೂ ಜೋಡಿಯಾಗಿಯೇ ಹೋಗಬೇಕು, ಒಬ್ಬರ ಕಣ್ಣಿಂದ ಒಬ್ಬರು ಮರೆಯಾಗಬಾರದು. ಕಾಲೇಜಿನ ಕಾಲದಲ್ಲಿ ಮನೆಯಲ್ಲಿ ಹೊಗೆಯಾಡಿದರೆ ಪ್ರಯೋಗಾಲಯಕ್ಕೆ ಹೋಗಿ ಅಡಗಿಕೊಳ್ಳಬಹುದಿತ್ತು. ಈಗ ಆ ಹೊಗೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಊರೆಲ್ಲ ಸುತ್ತಬೇಕು.

ಮೇಷ್ಟ್ರು ಅಡುಗೆಮನೆಗೆ ನಡೆದರು. "ಮಾತಾಡಿದ್ರೆ ಏನು ಮುತ್ತು ಉದುರಿಹೋಗುತ್ತಾ?" ಎಂದು ಶುರುಮಾಡಿ, ಬೆಟ್ಟದ ನೀರು ನೆನಪಾಗಿ ದನಿ ತಗ್ಗಿಸಿದರು. ಹೆಂಡತಿ ಒಲೆಯ ಮುಂದೆ ಕಬ್ಬಿಣದ ಕಾವಲಿಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ಮೇಷ್ಟ್ರು ಬಾಗಿಲಲ್ಲೇ ನಿಂತರು. ಓಹೋ, ಇದಾ.

ಆ ಕಾವಲಿ ಆಕೆಯ ತಾಯಿ ಕೊಟ್ಟದ್ದು. ಬಟ್ಟೆ ಕಡಿಮೆ ಮಾಡಿ ಪೆಟ್ಟಿಗೆಯಲ್ಲಿ ಇದನ್ನು ತಂದಿದ್ದಳು. ವರ್ಷಗಟ್ಟಲೆ ಎಣ್ಣೆ ಕುಡಿದು ಕನ್ನಡಿಯಂತೆ ಕಪ್ಪಾಗಿದ್ದುದನ್ನು, ಆಕೆ ಮಲಗಿದ್ದ ಒಂದು ಮಧ್ಯಾಹ್ನ ಮೇಷ್ಟ್ರು ಕಾಸ್ಟಿಕ್ ಸೋಡದಲ್ಲಿ ನೆನೆಹಾಕಿ ತಿಕ್ಕಿ ಬೆಳ್ಳಗೆ ಮಾಡಿಟ್ಟಿದ್ದರು. ವಿಜ್ಞಾನ ಓದಿದವರಿಗೆ ಆ ಕಪ್ಪು ಪದರ ಸಹಿಸಲಿಕ್ಕೆ ಆಗಿರಲಿಲ್ಲ. ಅಂದಿನಿಂದ ಅದರ ಮೇಲೆ ಏನು ಹಾಕಿದರೂ ಅಂಟಿಕೊಂಡು, ಹರಿದ ಕಾಗದದ ಹಾಗೆ ಏಳುತ್ತಿತ್ತು. ಕೆಳಮನೆಯ ದರ್ಜಿಯ ಹೆಂಡತಿ ಒಮ್ಮೆ ಕಾವಲಿ ಒಯ್ದಿದ್ದಳು, ಅವಳೇ ಹಾಳುಮಾಡಿದ್ದೆಂದು ಈಕೆ ತೀರ್ಮಾನಿಸಿ ಅವಳ ಜೊತೆ ಮಾತು ಬಿಟ್ಟಿದ್ದಳು. ಮೇಷ್ಟ್ರು ಆ ತೀರ್ಮಾನವನ್ನು ತಿದ್ದುವ ಗೋಜಿಗೆ ಹೋಗಿರಲಿಲ್ಲ.

"ಸರಿ ಕಣೇ, ಗೊತ್ತಾಯ್ತಲ್ಲ ನಿಂಗೆ. ಅದನ್ನ ತಿಕ್ಕಿದ್ದು ನಾನೇ."

ಹೆಂಡತಿಯ ಹುಬ್ಬು ನಿಧಾನಕ್ಕೆ ಮೇಲೇರಿತು. ಬಾಯಿ ತೆರೆಯಿತು, ಅರೆಗಳಿಗೆ ಹಾಗೇ ಇದ್ದು, ಏನೋ ಹೊಳೆದಂತೆ ಮುಚ್ಚಿಕೊಂಡಿತು. ಕಾವಲಿಯನ್ನು ಲೋಟಕ್ಕಿಂತ ಜೋರಾಗಿ ಇಟ್ಟು ಕೋಟು ಹಾಕಿಕೊಂಡು ಹೊರಟಳು.

ಮೆಟ್ಟಿಲ ಬುಡದಲ್ಲಿ ದರ್ಜಿ ನಿಂತಿದ್ದ. ಪಕ್ಕದವರ ಸಂಸಾರದ ಅಳತೆಯನ್ನು ಟೇಪಿಲ್ಲದೆ ತೆಗೆಯುವ ಮನುಷ್ಯ. ಮುಂದೆ ಹೋಗುತ್ತಿದ್ದ ಹೆಂಡತಿಯ ನಡಿಗೆ, ಹಿಂದೆ ಏದುಸಿರಿನಲ್ಲಿ ಬರುತ್ತಿದ್ದ ಗಂಡನ ಮುಖ, ಎರಡನ್ನೂ ನೋಡಿ ಏನು ಸಮಾಚಾರ ಅಂದ. ಸಿಟ್ಟಿನ ಭರದಲ್ಲಿ ಮೇಷ್ಟ್ರು ಕಾವಲಿಯ ಕಥೆಯನ್ನು ಪೂರ್ತಿ ಹೇಳಿಬಿಟ್ಟರು. ಯಾರ ಹತ್ತಿರ ಹೇಳುತ್ತಿದ್ದೇನೆಂದು ಅರಿವಾಗುವಷ್ಟರಲ್ಲಿ ಕಥೆ ಮುಗಿದಿತ್ತು.

"ಅಂದ್ರೆ," ಅಂದ ದರ್ಜಿ, "ನನ್ನ ಹೆಂಡ್ತಿ ಇಷ್ಟು ದಿನ ಕಳ್ಳಿ ಥರ ಹಿಂಬಾಗಿಲಲ್ಲಿ ಓಡಾಡಿದ್ದು ನಿಮ್ಮಿಂದ."

"ನೋಡಪ್ಪ, ನಾನು ಆಮೇಲೆ..."

"ಆಮೇಲೆ ಇರಲಿ ಮೇಷ್ಟ್ರೇ. ಮೊದಲು ಒಂದು ತಿಳ್ಕೊಳ್ಳಿ. ಕಾವಲಿಗೆಲ್ಲ ಯಾವ ಹೆಂಗಸೂ ಇಷ್ಟು ಗಟ್ಟಿಯಾಗಿ ಬಾಯಿ ಮುಚ್ಚಲ್ಲ. ಇದಕ್ಕಿಂತ ದೊಡ್ಡದು ಇನ್ನೇನೋ ಮಾಡಿದೀರಿ, ಯೋಚನೆ ಮಾಡಿ."

ಅವನು ಸಿಟ್ಟಿಗೆ ಅಂದನೋ, ಕಾಳಜಿಗೆ ಅಂದನೋ, ಮಾತು ಮೇಷ್ಟ್ರ ತಲೆಯಲ್ಲಿ ಹುಳದ ಹಾಗೆ ಕೂತುಬಿಟ್ಟಿತು. ಪ್ರಯೋಗಾಲಯದಲ್ಲಿ ಗೊತ್ತಿಲ್ಲದ ಲವಣ ಕೊಟ್ಟಾಗ ವಿದ್ಯಾರ್ಥಿಗಳಿಗೆ ಅವರು ಕಲಿಸುತ್ತಿದ್ದದ್ದು ಒಂದೇ ಕ್ರಮ: ಒಂದೊಂದೇ ಸಾಧ್ಯತೆಯನ್ನು ಪರೀಕ್ಷೆ ಮಾಡಿ ತಳ್ಳಿಹಾಕುತ್ತಾ ಬಾ, ಉಳಿದದ್ದೇ ಉತ್ತರ. ತಮ್ಮ ತಪ್ಪುಗಳನ್ನೂ ಹಾಗೆಯೇ ಸಾಲಾಗಿ ನಿಲ್ಲಿಸಿಕೊಂಡರು. ಸಾಲು ಅವರೆಣಿಸಿದ್ದಕ್ಕಿಂತ ಉದ್ದವಿತ್ತು.

ಗೋದಾಮಿನಲ್ಲಿ ಅಂದು ಪ್ಯಾಂಟಿನ ರಾಶಿ ಸೊಂಟದೆತ್ತರ. ಅಲ್ಲಿನ ಉಸ್ತುವಾರಿಯ ಹೆಂಗಸನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಗುಟ್ಟು ಹೇಳುವಾಗಲೂ ಆಕೆಯ ದನಿ ಗೋದಾಮಿನ ಆ ತುದಿ ಮುಟ್ಟಿ ವಾಪಸು ಬರುತ್ತಿತ್ತು. ಬಂದ ಹತ್ತು ನಿಮಿಷಕ್ಕೇ ಆಕೆ ಮೇಷ್ಟ್ರ ಹತ್ತಿರ ಬಂದು, ಅಮ್ಮನವರು ಯಾಕೆ ಮಾತಾಡುತ್ತಿಲ್ಲ, ನಿನ್ನೆ ಸಂಜೆ ಸಹನೆ ಪಾಠ ಮಾಡಿದವರು ನೀವೇ ಅಲ್ಲವೇ ಎಂದು ಕೇಳಿದಳು. ಅಲ್ಲಿದ್ದವರೆಲ್ಲ ಮಡಿಸುವುದನ್ನು ನಿಲ್ಲಿಸಿದರು. ಬುಧವಾರ ಬೋಧಿಸಿದ್ದನ್ನು ಗುರುವಾರವೇ ಪಾಲಿಸಬೇಕೆಂದು ಯಾರು ಹೇಳಿದರು ಎಂದು ಮೇಷ್ಟ್ರಿಗೆ ಕೇಳಬೇಕೆನಿಸಿತು. ಬದಲಿಗೆ ಕೈಯಲ್ಲಿದ್ದ ಪ್ಯಾಂಟಿನ ಕಾಲುಗಳನ್ನು ಕೋಳಿಯ ಕತ್ತಿನ ಹಾಗೆ ತಿರುಚಿದರು.

"ಕಾಲಿಗೆ ಬಿದ್ದು ಕೇಳ್ಕೊಂಡುಬಿಡಿ," ಅಂದಳು ಅಕ್ಕ. "ತಪ್ಪು ಯಾವುದು ಅಂತ ಗೊತ್ತಿಲ್ದಿದ್ರೆ ಎಲ್ಲದಕ್ಕೂ ಸೇರಿಸಿ ಕೇಳ್ಕೊಳ್ಳಿ."

ಹೆಂಡತಿ ಕೋಟುಗಳ ಸಾಲಿನ ನಡುವೆ ಗುಂಡಿ ನೋಡುತ್ತಿದ್ದಳು. ಮೇಷ್ಟ್ರು ಆಚೆ ಕಡೆಯಿಂದ ಒಂದು ಕೋಟನ್ನು ಸರಿಸಿ ಮುಖ ತೂರಿಸಿದರು.

"ನಿನ್ನ ತಂಗಿ ವಿಷಯಾನಾ?"

ಆಕೆಯ ಕೈ ಗುಂಡಿಯ ಮೇಲೆ ನಿಂತಿತು. ಅಂದರೆ ಇದೇ ಇರಬೇಕು. ಮೇಷ್ಟ್ರು ಗಡಬಡಿಸಿ ಹೇಳಿಮುಗಿಸಿದರು: ಹೋದ ಬೇಸಿಗೆಯಲ್ಲಿ ತಂಗಿ ಇಲ್ಲಿಗೆ ಬಂದು ಒಂದಷ್ಟು ದಿನ ಇರುತ್ತೇನೆಂದು ಫೋನು ಮಾಡಿದ್ದಳು, ಸೇವೆಗೆ ಬಂದವರ ಮನೆಯಲ್ಲಿ ನೆಂಟರು ಉಳಿಯುವಂತಿಲ್ಲ, ಅದು ನಿಯಮ ಎಂದು ತಾವು ಹೇಳಿಬಿಟ್ಟಿದ್ದರು. ಅವಳು ಬಂದರೆ ಬೆಳಗಿನಿಂದ ರಾತ್ರಿಯವರೆಗೆ ಮಾತು, ತಲೆ ಚಿಟ್ಟುಹಿಡಿಯುತ್ತದೆಂದು ಹಾಗೆ ಮಾಡಿದ್ದು.

"ಅಂಥ ನಿಯಮ ಎಲ್ಲಿದೆ?" ಕೋಟುಗಳ ಹಿಂದಿನಿಂದ ಅಕ್ಕನ ದನಿ ಬಂತು. "ನಮ್ಮತ್ತೆ ಒಂದು ತಿಂಗಳು ಇದ್ದು ಹೋದ್ರು."

ಹೆಂಡತಿ ಕೈಯಲ್ಲಿದ್ದ ಕೋಟನ್ನು ಕೆಳಗೆ ಬಿಟ್ಟಳು. ತಂಗಿ ಯಾಕೆ ಬರಲಿಲ್ಲವೆಂದು ಆಕೆ ಎಷ್ಟು ಸಲ ಕೊರಗಿದ್ದಳೆಂದು ಮೇಷ್ಟ್ರಿಗೆ ಆಗ ನೆನಪಾಯಿತು. ಆದರೆ ಮಾತು? ಇಲ್ಲ. ಬರೀ ನೋಟ. ಮಧ್ಯಾಹ್ನದ ಊಟಕ್ಕೆ ಕೂರುವ ಹೊತ್ತಿಗೆ ವಿಷಯ ಇಡೀ ಗೋದಾಮಿಗೆ ಹಬ್ಬಿತ್ತು, ಮೇಷ್ಟ್ರ ಪಕ್ಕದ ಎರಡೂ ಕುರ್ಚಿ ಖಾಲಿಯಿದ್ದವು.

ಸಂಜೆ ಚರ್ಚಿಗೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಹೊರಗೆ ಕತ್ತಲಾಗುತ್ತಿತ್ತು, ಕಿಟಕಿಯ ಗಾಜಿನ ಮೇಲೆ ಉಸಿರು ಹೆಪ್ಪುಗಟ್ಟುತ್ತಿತ್ತು. ಮೇಷ್ಟ್ರ ಸಿಟ್ಟು ಈಗ ಕುದಿಯುವುದನ್ನೂ ದಾಟಿ ತಳ ಹಿಡಿಯುತ್ತಿತ್ತು. ಒಂದು ಮಾತು, ಒಂದೇ ಒಂದು ಒಪ್ಪಿಗೆ, ಅದಕ್ಕೆ ಇಷ್ಟು ದಂಡ ತೆರಬೇಕೇ? ಸಾಲಿನಲ್ಲಿ ಉಳಿದದ್ದು ಒಂದೇ. ಅದನ್ನು ಸಾಯುವವರೆಗೆ ಹೇಳಬಾರದೆಂದುಕೊಂಡಿದ್ದರು.

"ಅರ್ಜಿ ವಿಷಯ ನಿಂಗೆ ಯಾರು ಹೇಳಿದ್ರು?" ಅಂದರು.

ಆಕೆ ತಿರುಗಿದಳು.

ಸೇವೆಗೆ ಅರ್ಜಿ ಹಾಕುವಾಗ ಯಾವ ಊರು ಬೇಕೆಂದು ಕೇಳಿದ್ದರು. ಆಕೆಗೆ ತಂಗಿ ಇರುವ ಸಮುದ್ರದ ಊರಿನ ಆಸೆಯಿತ್ತು, ಆದರೂ ದೇವರು ಎಲ್ಲಿ ಕಳಿಸುತ್ತಾನೋ ಅಲ್ಲಿಗೆ ಹೋಗೋಣ, ಆ ಜಾಗ ಖಾಲಿ ಬಿಡಿ ಅಂದಿದ್ದಳು. ಮೇಷ್ಟ್ರು ಖಾಲಿ ಬಿಟ್ಟಿರಲಿಲ್ಲ. ತಂಗಿಯ ಊರಿಂದ ಆದಷ್ಟು ದೂರವಿರುವ, ಸೆಕೆಯಿಲ್ಲದ ಊರೊಂದನ್ನು ಹುಡುಕಿ ತುಂಬಿದ್ದರು. ಬಂದ ಮೇಲೆ ಆಕೆ ಕಾಲು ಬಿರಿದರೂ, ಗಂಟು ನೋವು ಬಂದರೂ ಗೊಣಗಿರಲಿಲ್ಲ. ದೇವರ ಚಿತ್ತವೇ ನಮ್ಮನ್ನು ಈ ಚಳಿಗೆ ತಂದಿತು ಎಂದು ಸಭೆಯಲ್ಲಿ ಎದ್ದುನಿಂತು ಸಾಕ್ಷಿ ಹೇಳಿದ್ದಳು. ಕೇಳಿದವರು ಕಣ್ಣೊರೆಸಿಕೊಂಡಿದ್ದರು. ಮೇಷ್ಟ್ರೂ ಒರೆಸಿಕೊಂಡಿದ್ದರು.

ಇದನ್ನೆಲ್ಲ ಮುಂದಿನ ಸೀಟಿನ ಬೆನ್ನಿಗೆ ಹೇಳುವವರ ಹಾಗೆ ಹೇಳಿ ಮುಗಿಸಿದರು. ಪಕ್ಕಕ್ಕೆ ನೋಡುವ ಧೈರ್ಯವಾಗಲಿಲ್ಲ. ಬಸ್ಸು ನಿಂತಾಗ ತಿರುಗಿ ನೋಡಿದರೆ ಸೀಟು ಖಾಲಿಯಿತ್ತು. ಆಕೆ ಆಗಲೇ ಇಳಿದು ಚರ್ಚಿನ ಕಡೆಗೆ ನಡೆಯುತ್ತಿದ್ದಳು. ಜೋಡಿಯ ನಿಯಮ ನೆನಪಾಗಿ ಮೇಷ್ಟ್ರು ಹೊರಡುತ್ತಿದ್ದ ಬಸ್ಸಿಂದ ಹಾರಿ ಹಿಂದೆ ಓಡಿದರು.

ಸಭಾಂಗಣ ತುಂಬಿತ್ತು. ದರ್ಜಿ ತನ್ನ ಹೆಂಡತಿಯೊಂದಿಗೆ ಮುಂದಿನ ಸಾಲಿನಲ್ಲೇ ಕೂತಿದ್ದ. ಅಕ್ಕನೂ ಬಂದಿದ್ದಳು. ಮುಖ್ಯಸ್ಥರು ಬೆಳ್ಳಗಿನ ಗಡ್ಡ ಸವರುತ್ತಾ ವೇದಿಕೆಯ ಮೇಲಿದ್ದರು. ಪ್ರಾರ್ಥನೆಯಾದ ಮೇಲೆ ಗಾಯನ ತಂಡದವರು ಎದ್ದರು. ಭಾನುವಾರಗಳಲ್ಲಿ ಅವರ ಜೊತೆ ದನಿಗೂಡಿಸುತ್ತಿದ್ದ ಮೇಷ್ಟ್ರ ಹೆಂಡತಿ, ಇವತ್ತು ಅವರ ನಡುವಿಂದ ಒಬ್ಬಳೇ ಎರಡು ಹೆಜ್ಜೆ ಮುಂದೆ ಬಂದು ನಿಂತಳು.

ಹಾಡಿದಳು.

ದನಿ ತಿಳಿಯಾಗಿ, ತುಂಬಿಕೊಂಡು, ಮಾಡಿನವರೆಗೆ ಏರಿತು. ಇಡೀ ಸಭೆ ಉಸಿರು ಹಿಡಿದು ಕೇಳಿತು. ಮೇಷ್ಟ್ರು ಮಾತ್ರ ಕೇಳಲಿಲ್ಲ. ಬೆಳಗಿನಿಂದ ತಾವಾಗಿಯೇ ಒಪ್ಪಿಕೊಂಡದ್ದನ್ನೆಲ್ಲ ಒಂದೊಂದಾಗಿ ಲೆಕ್ಕಹಾಕುತ್ತಿದ್ದರು. ಹಾಡು ಮುಗಿದಾಗ ತಂಡದ ಟೀಚರು ಹೆಮ್ಮೆಯಿಂದ ಎಲ್ಲರಿಗೂ ತಿಳಿಸಿದರು: ಶೀತದಿಂದ ಗಂಟಲು ಕಟ್ಟಿತ್ತು, ಇವತ್ತು ಹಾಡುವವರೆಗೆ ಒಂದು ಮಾತೂ ಆಡಬೇಡಿ ಅಂತ ನಿನ್ನೆಯೇ ಹೇಳಿದ್ದೆ, ಒಂದಕ್ಷರ ಆಡದೆ ದನಿ ಉಳಿಸಿಕೊಂಡು ಬಂದಿದ್ದಾರೆ.

ಗಂಟಲು. ಗೋಪುರ. ನಿಮಗೆ ಹೇಳಿದ್ದೆನಲ್ಲ. ಮೂರು ಸನ್ನೆಗಳೂ ಈಗ ತಮ್ಮಷ್ಟಕ್ಕೆ ಬಂದು ಸರಿಯಾಗಿ ನಿಂತವು.

ಹೆಂಡತಿ ಬಂದು ಪಕ್ಕದಲ್ಲಿ ಕೂತಳು. ಮೇಷ್ಟ್ರು ಬಾಗಿ, ಕ್ಷೀಣವಾಗಿ ಕೇಳಿದರು: "ಹಾಗಾದ್ರೆ ನಿಂಗೆ ಸಿಟ್ಟೇ ಇರಲಿಲ್ವೇನೇ?"

"ಬೆಳಿಗ್ಗೆ ಇರಲಿಲ್ಲ," ಅಂದಳು.

"ಹೇಳಬಾರದಿತ್ತಾ ನಂಗೆ?"

"ರಾತ್ರಿ ಹೇಳಿದ್ನಲ್ಲ. ನೀರಿನ ಪುಸ್ತಕ ಓದ್ತಾ ಹ್ಞೂಂ ಅಂದ್ರಿ. ಬೆಳಿಗ್ಗೆ ಸನ್ನೇಲೂ ಹೇಳ್ದೆ. ಕಾವಲಿ ಕಥೆ ಬಂದಾಗ, ಸುಮ್ನಿದ್ರೆ ಇನ್ನೂ ಏನೇನು ಬರುತ್ತೋ ನೋಡೋಣ ಅನ್ನಿಸ್ತು. ಬಂತು."

ಅಷ್ಟರಲ್ಲಿ ಮುಖ್ಯಸ್ಥರು ಇಬ್ಬರನ್ನೂ ಮುಂದೆ ಕರೆದರು. ಬೆಟ್ಟದ ಹಳ್ಳಿಗಳ ನೀರಿನ ಕೆಲಸಕ್ಕೆ ಮೇಷ್ಟ್ರಿಗಿಂತ ಯೋಗ್ಯರಿಲ್ಲ, ಅಮ್ಮನವರ ಒಪ್ಪಿಗೆಯೊಂದೇ ಬಾಕಿ ಅಂದರು. ಎಲ್ಲರೂ ಆಕೆಯ ಮುಖ ನೋಡಿದರು.

"ನಾನು ನಿನ್ನೆ ರಾತ್ರೀನೇ ಒಪ್ಕೊಂಡಿದ್ದೆ ಸ್ವಾಮಿ," ಅಂದಳು ಆಕೆ. "ನಿಮ್ಮಿಷ್ಟದ ಹಾಗೇ ಬೆಟ್ಟಕ್ಕೆ ಹೋಗೋಣ ಅಂತ ಇವರಿಗೆ ಹೇಳೂ ಇದ್ದೆ. ಅದಕ್ಕೂ ಇವರು ಹ್ಞೂಂ ಅಂದಿದ್ರು."

ಮೇಷ್ಟ್ರ ಕಾಲಡಿಯ ನೆಲ ಅರ್ಧ ಅಡಿ ಇಳಿಯಿತು.

"ಆದ್ರೆ ಇವತ್ತು ಮನಸ್ಸು ಬದಲಾಯ್ತು. ಸಮುದ್ರದ ಊರಲ್ಲಿ ಜಾಗ ಖಾಲಿ ಇದೆ ಅಂತ ಕೇಳಿದೀನಿ, ಅಲ್ಲಿಗೆ ಕಳಿಸಿಬಿಡಿ. ಹೋದ ಸಲ ದೇವರ ಚಿತ್ತವನ್ನ ಇವರು ಬರೆದುಕೊಟ್ರು. ಈ ಸಲ ನಾನು ಬರೆದುಕೊಡ್ತೀನಿ."

ಮುಖ್ಯಸ್ಥರಿಗೆ ಅರ್ಥವಾಗಲಿಲ್ಲ. ಆದರೂ ಸಂತೋಷಪಟ್ಟರು, ಅಲ್ಲಿಗೆ ಜನ ಸಿಗದೆ ಬಹಳ ತೊಂದರೆಯಾಗಿದೆ, ಕೆಲಸವೇನೂ ಹೊಸದಲ್ಲ, ಹಳೇ ಬಟ್ಟೆಗಳ ಗೋದಾಮು, ಇಲ್ಲಿನದಕ್ಕಿಂತ ತುಸು ದೊಡ್ಡದು ಅಂದರು. ಮೇಷ್ಟ್ರ ಕಣ್ಣ ಮುಂದೆ ದಿಗಂತದವರೆಗೆ ಪ್ಯಾಂಟುಗಳು ಹಾಸಿಕೊಂಡವು. ಆ ಪ್ಯಾಂಟುಗಳಾಚೆ, ಬೆಳಗಿನಿಂದ ರಾತ್ರಿಯವರೆಗೆ ಮಾತಾಡುವ ನಾದಿನಿ ನಿಂತಿದ್ದಳು.

"ಮೇಷ್ಟ್ರೇ, ನಿಮ್ಮ ಒಪ್ಪಿಗೆ?"

ಇಲ್ಲ ಅನ್ನಬಹುದಿತ್ತು. ಯಾಕೆ ಎಂದು ಮುಖ್ಯಸ್ಥರು ಕೇಳುತ್ತಿದ್ದರು. ಮುಂದಿನ ಸಾಲಿನಲ್ಲಿ ದರ್ಜಿ ಕೈಕಟ್ಟಿ ಕಾದಿದ್ದ, ಪಕ್ಕದಲ್ಲಿ ಅವನ ಹೆಂಡತಿ. ಅಕ್ಕ ಹೇಗಿದ್ದರೂ ಬಾಯಿ ತೆರೆಯಲು ತಯಾರಾಗಿಯೇ ಕೂತಿದ್ದಳು. ಅರ್ಜಿಯ ಕಥೆಯೊಂದು ಮಾತ್ರ ಇನ್ನೂ ಯಾರಿಗೂ ಗೊತ್ತಿರಲಿಲ್ಲ, ಅದನ್ನು ಬಲ್ಲವಳಿಗೆ ಈಗ ದನಿ ಚೆನ್ನಾಗಿ ಬಂದಿತ್ತು.

ಮೇಷ್ಟ್ರು ಜೀವಮಾನದಲ್ಲಿ ಮೊದಲ ಬಾರಿಗೆ, ಹೆಂಡತಿ ಹೇಳಿದ್ದನ್ನು ಒಂದಕ್ಷರ ಬಿಡದೆ ಕೇಳಿಸಿಕೊಂಡು, "ಹ್ಞೂಂ" ಅಂದರು.